ಪಾಳಿಯವ್ರು

ಝೆರಾಕ್ಸ್ ಅಂಗಡಿಯ ಮುಂದೆ ಪಾಳಿ ಹಚ್ಚಿ ನಿಲ್ಲುವ ಮನುಷ್ಯನನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಇಪ್ಪತ್ತು ವರ್ಷ ಕಂಡಿದ್ದೇನೆ, ಇಪ್ಪತ್ತು ವರ್ಷವೂ ಅದನ್ನು ನೋಡಿ ಮೈ ಉರಿಸಿಕೊಂಡಿದ್ದೇನೆ. ನಮ್ಮ ಕಡೆ ಪಾಳಿ ಅಂದರೆ ಸರದಿ. ಸಾಲಿಗೂ ಪಾಳಿ ಅನ್ನುತ್ತೇವೆ, ಸಾಲಿನಲ್ಲಿ ನಮಗೆ ಸಿಗುವ ಹೊತ್ತಿಗೂ ಪಾಳಿ ಅನ್ನುತ್ತೇವೆ. ಈ ಒಂದು ಶಬ್ದ ಹಿಡಿದುಕೊಂಡು ಆ ಮನುಷ್ಯ ಒಂದು ರಾಜಕೀಯ ಪಕ್ಷ ಕಟ್ಟಿದರು. ಅದೇ ಶಬ್ದ ಹಿಡಿದುಕೊಂಡು ಅದನ್ನು ಮುಳುಗಿಸಿದರು. ಹಾಗಂತ ಮೊನ್ನೆ ಮೊನ್ನೆಯವರೆಗೆ ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನದು ಮುನಸಿಪಾಲ್ಟಿ ಎದುರಿಗೆ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಜನ ಬರುತ್ತಾರೆ, ಒಬ್ಬರ ಹೆಗಲ ಮೇಲಿಂದ ಒಬ್ಬರು ಆಧಾರ್ ಕಾರ್ಡು ಚಾಚುತ್ತಾರೆ, ‘ಅಕ್ಕಾ ನಂದು ಒಂದೇ ಐತಿ’ ಅನ್ನುತ್ತಾರೆ, ತಗೊಂಡು ಹೋಗುತ್ತಾರೆ. ಕಾಕಾ ಮಾತ್ರ ಮೆಟ್ಟಿಲ ಕೆಳಗೆ ಒಂದು ಹಾಳೆ ಹಿಡಿದು ನಿಂತಿರುತ್ತಿದ್ದರು. ತಮ್ಮ ನಂತರ ಬಂದವರೆಲ್ಲ ಮುಂದೆ ಹೋದರೂ ಕದಲುತ್ತಿರಲಿಲ್ಲ.

‘ಕಾಕಾ, ಬರ್ರಿ ಮ್ಯಾಲ. ಒಂದು ಕಾಪಿಗೆ ಎಷ್ಟೊತ್ತು ನಿಂದ್ರತೀರಿ?’

‘ಇವ್ರದು ಆಗ್ಲಿ ಯವ್ವಾ. ನನ್ನ ಪಾಳಿ ಬರ್ಲಿ.’

‘ಪಾಳಿ ಎಲ್ಲೈತ್ರಿ ಇಲ್ಲಿ? ಎಲ್ಲಾರೂ ನುಗ್ಗಾಕತ್ತಾರ!’

‘ನಾ ನಿಂತೀನಲ್ಲ. ನನ್ನ ಹಿಂದ ಇನ್ನೊಬ್ಬ ಬಂದು ನಿಂತ್ರ ಪಾಳಿ ಆತು.’

ಅವರ ಹಿಂದೆ ಯಾರೂ ಬಂದು ನಿಲ್ಲುತ್ತಿರಲಿಲ್ಲ. ಅದೇ ನನಗೆ ಸಿಟ್ಟು.

ಅವರ ಹೆಸರು ಬರೆಯುವುದಿಲ್ಲ. ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಕಾಕಾ ಅಂದೆ, ಅಷ್ಟು ಸಾಕು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರರಲ್ಲಿ ನಮ್ಮೂರು ಯಾವುದೆಂದೂ ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದಕ್ಕೆ ಮೊದಲೇ ನಾಲ್ಕು ಜನ ಜಗಳಕ್ಕೆ ನಿಂತಿರುತ್ತಾರೆ. ಕಾಕಾ ಹುಟ್ಟಿದ್ದು ಗುರುಗುಂಟಾದಲ್ಲಿ. ಹರೆಯದಲ್ಲಿ ಕೂಲಿಗೆ ಬಂದು ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಭತ್ತದ ಚೀಲ ಹೊತ್ತವರು. ಹಮಾಲರ ಸಂಘದಲ್ಲಿ ಕೆಂಪು ಬಾವುಟವನ್ನೂ ಹೊತ್ತವರು. ಚೀಲ ಹೊತ್ತು ಹೊತ್ತು ಎಡಭುಜ ಬಲಕ್ಕಿಂತ ಎರಡು ಬೆರಳು ಕೆಳಗಿತ್ತು. ಆಮೇಲೆ ಮುನಸಿಪಾಲ್ಟಿಯಲ್ಲಿ ದಿನಗೂಲಿ ಮೇಲೆ ನೀರು ಬಿಡುವ ಕೆಲಸಕ್ಕೆ ಸೇರಿದರು. ಆಳೆತ್ತರದ ಕಬ್ಬಿಣದ ಚಾವಿ ಹೆಗಲ ಮೇಲೆ ಇಟ್ಟುಕೊಂಡು ಓಣಿ ಓಣಿ ತಿರುಗುತ್ತ, ನೆಲದಲ್ಲಿ ಹೂತಿದ್ದ ವಾಲ್ವಿಗೆ ಅದನ್ನು ಇಳಿಸಿ ತಿರುವಿದರೆ ಅಲ್ಲಿ ನಳಕ್ಕೆ ನೀರು ಬರುತ್ತಿತ್ತು.

ಪಕ್ಷ ಹುಟ್ಟಿದ್ದು ಒಂದು ಕೊಡದಿಂದ. ನಗಬೇಡಿ.

ನಮ್ಮ ವಾರ್ಡಿನಲ್ಲಿ ಆಗ ವಾರಕ್ಕೊಮ್ಮೆ ನೀರು. ನೀರು ಬರುವ ದಿನ ಹೆಂಗಸರು ನಸುಕಿನಲ್ಲೇ ನಳದ ಮುಂದೆ ಕೊಡಗಳನ್ನು ಸಾಲಾಗಿ ಇಟ್ಟು ಕೆಲಸಕ್ಕೆ ಹೋಗುತ್ತಿದ್ದರು. ನೀರು ಬಂದಾಗ ಮನೆಯ ಮುದುಕಿಯೋ ಮಗಳೋ ಬಂದು ಆ ಕೊಡದ ಪಾಳಿಯಲ್ಲಿ ತುಂಬಿಕೊಳ್ಳಬೇಕು. ಅವತ್ತು ಅರ್ಧ ಓಣಿ ವಳಕಮದಿನ್ನಿಗೆ ಭತ್ತ ನಾಟಿ ಹಚ್ಚಲು ಹೋಗಿತ್ತು. ದೊಡ್ಡ ಮನೆಯ ಆಳೊಬ್ಬ ಬಂದವನೇ ಇಪ್ಪತ್ತು ಕೊಡಗಳನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ, ಪೈಪು ಹಚ್ಚಿ ಡ್ರಮ್ಮು ತುಂಬಲು ಸುರು ಮಾಡಿದ. ಕಾಕಾ ಜಗಳ ಮಾಡಲಿಲ್ಲ. ಚಾವಿ ಇಳಿಸಿ ವಾಲ್ವು ಬಂದ್ ಮಾಡಿದರು. ಕೊಡಗಳನ್ನು ಒಂದೊಂದಾಗಿ ಎತ್ತಿ, ಯಾವುದು ಯಾರದೆಂದು ಅವರಿಗೆ ಗೊತ್ತಿತ್ತು, ಮೊದಲಿನ ಹಾಗೇ ಇಟ್ಟರು.

‘ಕೊಡ ಅಂದ್ರ ಮನಷ್ಯಾರು. ಕೊಡ ಸರಿಸಿದ್ರ ಮನಷ್ಯಾರ್ನ ಸರಿಸಿದಂಗ. ಸಂಜಿಕ ಅವ್ರು ಬರ್ಲಿ, ಆಮ್ಯಾಲ ನೀರು’ ಅಂದು ಚಾವಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅಲ್ಲೇ ಕುಂತರು. ಸಂಜೆಗೆ ಹೆಂಗಸರು ಬಂದರು, ನೀರು ಬಂತು. ಮರುದಿನ ಕಾಕಾ ಕೆಲಸದಿಂದ ಹೊರಗೆ. ಚಾವಿ ಮಾತ್ರ ವಾಪಸು ಕೊಡಲಿಲ್ಲ.

ಆ ಹೆಂಗಸರನ್ನೆಲ್ಲ ನನ್ನ ಅಂಗಡಿಗೆ ಕರೆದುಕೊಂಡು ಬಂದವಳು ಹುಲಿಗೆಮ್ಮ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಮಿರ್ಚಿ ಮಂಡಕ್ಕಿ ಮಾರುವವಳು, ಬಾಯಿ ಮಾಡಿದರೆ ಬಸ್ಸಿನ ಹಾರ್ನು ಕೇಳಿಸುವುದಿಲ್ಲ. ‘ಅಕ್ಕಾ, ಅರ್ಜಿ ಟೈಪ್ ಮಾಡು. ಕಾಕಾನ್ನ ತಿರುಗಿ ತಗೋಬೇಕು, ಕೊಡದ ಪಾಳಿ ಯಾರೂ ಮುರೀಬಾರ್ದು’ ಅಂದಳು. ಟೈಪ್ ಮಾಡಿಕೊಟ್ಟೆ. ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಮುನಸಿಪಾಲ್ಟಿ ಮೆಟ್ಟಿಲ ಮೇಲೆ ಸಾಲು ನಿಂತರು. ನಾನೂ ಜೊತೆಗೆ ಹೋದೆ. ಅರ್ಜಿ ತಗೊಳ್ಳುವ ಕಿಟಕಿಯ ಒಳಗಿಂದ ಗುಮಾಸ್ತ ಕೇಳಿದ:

‘ಯಾರ್ರೀ ನೀವೆಲ್ಲಾ?’

‘ಪಾಳಿಯವ್ರು’ ಅಂದಳು ಹುಲಿಗೆಮ್ಮ.

‘ಹಂಗಂದ್ರ ಏನು? ಸಂಘಾನೋ, ಪಕ್ಷಾನೋ? ರಜಿಸ್ಟರ್‌ನಾಗ ಏನಂತ ಬರೀಲಿ?’

ಸಾಲಿನ ಕಟ್ಟಕಡೆಯಿಂದ ಕಾಕಾ ಅಂದರು: ‘ಪಕ್ಷ ಅಂತ ಬರೀರಿ ಸಾಹೇಬ್ರ. ಸಂಘಕ್ಕ ಯಾರೂ ಅಂಜಂಗಿಲ್ಲ.’

ಗುಮಾಸ್ತ ನಕ್ಕು ‘ಪಾಳಿ ಪಕ್ಷ’ ಅಂತ ಬರೆದುಕೊಂಡ. ನಮ್ಮ ಪಕ್ಷದ ಹುಟ್ಟು ಇಷ್ಟೇ. ದೊಡ್ಡ ದೊಡ್ಡ ಪಕ್ಷಗಳು ಅಧಿವೇಶನದಲ್ಲಿ ಹುಟ್ಟುತ್ತವಂತೆ. ನಮ್ಮದು ಬಂದ ಅರ್ಜಿ ಬರೆದುಕೊಳ್ಳುವ ಆವಕದ ರಜಿಸ್ಟರಿನಲ್ಲಿ ಹುಟ್ಟಿತು. ಕಾಕಾರ ಕೆಲಸ ತಿರುಗಿ ಬರಲಿಲ್ಲ, ಪಕ್ಷ ಉಳಿಯಿತು.

ನಮ್ಮ ಸಭೆಗಳು ನನ್ನ ಅಂಗಡಿಯ ಕಟ್ಟೆಯ ಮೇಲೆ ನಡೆಯುತ್ತಿದ್ದವು. ಸಭೆ ಅಂದೆನಲ್ಲ, ಅದೊಂದು ಕರ್ಮ. ಮಾತಿಗೂ ಪಾಳಿ. ಮೊದಲು ಮಾತಾಡದವರು ಮಾತಾಡಬೇಕು, ಒಮ್ಮೆ ಮಾತಾಡಿದವರು ಎಲ್ಲರದೂ ಮುಗಿಯುವ ತನಕ ಬಾಯಿ ಬಿಡುವಂತಿಲ್ಲ. ಮೂಲೆಯಲ್ಲಿ ಕುಂತ ಒಬ್ಬಾಕೆ ‘ನಂಗೇನೂ ಇಲ್ರಿ’ ಅಂದರೆ ಕಾಕಾ ಬಿಡುತ್ತಿರಲಿಲ್ಲ. ‘ಯೋಚನಿ ಮಾಡವಾ, ನಾವು ಕಾಯ್ತೀವಿ’ ಅನ್ನುವರು. ನಿಜವಾಗಲೂ ಕಾಯುವರು! ನಾನು ಗೋಡೆಗೆ ತಲೆ ಕೊಟ್ಟು ಕುಂತು ಹಲ್ಲು ಕಡಿಯುತ್ತಿದ್ದೆ.

ಒಮ್ಮೆ ದೊಡ್ಡ ಪಕ್ಷದ ಮುಖಂಡರೊಬ್ಬರು ರಾಯಚೂರಿನಿಂದ ಕಾರಿನಲ್ಲಿ ಬಂದಿದ್ದರು. ನಮ್ಮನ್ನು ತಮ್ಮೊಳಗೆ ಸೇರಿಸಿಕೊಳ್ಳುವ ಇರಾದೆ ಇತ್ತೋ ಏನೋ. ‘ನಿಮ್ಮ ಸಿದ್ಧಾಂತ ಯಾವುದು? ನೀವು ಎಡಪಂಥದವರೇ?’ ಅಂತ ಕೇಳಿದರು.

‘ಹೌದ್ರಿ’ ಅಂದರು ಕಾಕಾ. ‘ಎಡದಂಡಿ ಕಾಲುವಿ ನೀರು ಕುಡದವ್ರು, ಇನ್ನೇನಾಗ್ತೀವಿ?’

ಕಟ್ಟೆ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಮುಖಂಡರೂ ನಕ್ಕರು. ಭಾಷಣ ಸುರು ಮಾಡಲು ಎದ್ದು ನಿಂತಾಗ ಕಾಕಾ ಮೆಲ್ಲಗೆ, ‘ಕುಂದರ್ರಿ, ನಿಮ್ಮ ಮುಂದ ಇನ್ನಾ ಹನ್ನೊಂದು ಮಂದಿ ಅದಾರ’ ಅಂದರು. ಮೂರನೆಯವಳ ಮಾತು ಮುಗಿಯುವುದರೊಳಗೆ ಕಾರು ಹೊರಟುಹೋಗಿತ್ತು. ನಾನು ಹಣೆ ಹಣೆ ಬಡಿದುಕೊಂಡೆ. ಕಾಕಾ ಮಾತ್ರ, ‘ಪಾಪ, ಅವರಿಗೆ ಏನೋ ಕೆಲಸ ಇರಬೇಕು’ ಅಂದರು.

ಮೂರೂ ಊರಿನಲ್ಲಿ ಪಾಳಿ ಪಕ್ಷ ಆಗಬೇಕೆಂಬುದು ಅವರ ಕನಸು. ಉಳಿದೆರಡು ಊರಿನಲ್ಲಿ ಶಾಖೆ ಏಕೆ ಆಗಲಿಲ್ಲ ಗೊತ್ತೇ? ಬಸ್ಸಿನಿಂದ. ಒಂದು ಭಾನುವಾರ ಅದರಲ್ಲಿ ಒಂದು ಊರಿನವರು ನಲವತ್ತು ಜನ ಸೇರಿಸಿಟ್ಟಿದ್ದೇವೆ ಬರ್ರಿ ಅಂದಿದ್ದರು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದರೆ ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿಯುವ ಜನ. ಕಾಕಾ, ‘ಮೊದ್ಲ ಬಂದವ್ರು ಮೊದ್ಲ ಹತ್ಲಿ’ ಅಂತ ಬಾಗಿಲ ಬದಿಗೆ ನಿಂತುಬಿಟ್ಟರು. ಮೂರು ಬಸ್ಸು ತುಂಬಿಕೊಂಡು ಹೋದವು. ನಾಲ್ಕನೆಯದರಲ್ಲಿ ನಾವು ಹೋಗಿ ಇಳಿದಾಗ ನಲವತ್ತು ಜನರಲ್ಲಿ ಒಬ್ಬ ಉಳಿದಿದ್ದ. ಅವನೂ ಖುರ್ಚಿಯವನು, ಬಾಡಿಗೆ ಖುರ್ಚಿ ತಿರುಗಿ ಒಯ್ಯಲು ಬಂದವನು.

ಈಗ ಚುನಾವಣೆ ಮಾತು. ಇಲ್ಲಿಂದ ಮುಂದೆ ನನ್ನ ಸಿಟ್ಟು ಬೇರೆ ತರಹದ್ದು.

ಒಂದೇ ವಾರ್ಡಿಗೆ ನಿಂತೆವು. ನಿಲ್ಲುವ ಮುಂಚೆ ಕಾಕಾ ಒಂದು ಪಟ್ಟಿ ಮಾಡಿಸಿದರು. ಮೆಂಬರ್‌ಗಿರಿ ಐದು ವರ್ಷದ್ದು. ಐದು ಜನರಿಗೆ ಒಂದೊಂದು ವರ್ಷ. ಒಬ್ಬರೇ ಐದು ವರ್ಷ ಕುಂತರೆ ನಳಕ್ಕೆ ಡ್ರಮ್ಮಿನ ಪೈಪು ಹಚ್ಚಿದ ಹಾಗೆ ಅನ್ನುವುದು ಅವರ ವಾದ. ಚೀಟಿ ಎತ್ತಿದೆವು. ಮೊದಲ ಹೆಸರು ಹುಲಿಗೆಮ್ಮ. ಎರಡನೆಯದು ನನ್ನದು. ಕಾಕಾ ಚೀಟಿ ಎತ್ತಲಿಲ್ಲ, ತಮ್ಮ ಹೆಸರನ್ನು ಕೊನೆಗೆ ಬರೆಸಿದರು. ಪಟ್ಟಿ ಟೈಪ್ ಮಾಡಿದವಳು ನಾನೇ. ಎರಡನೇ ಸಾಲಿನಲ್ಲಿ ನನ್ನ ಹೆಸರನ್ನೇ ಎರಡು ಸಲ ತಪ್ಪು ಹೊಡೆದು ತಿದ್ದಿದ್ದು ಇನ್ನೂ ನೆನಪಿದೆ. ಕಂಡವರ ಅರ್ಜಿ ಬರೆದು ಬರೆದು ಬೇಸತ್ತ ಹೆಂಗಸು ನಾನು. ಒಂದು ವರ್ಷ, ಒಂದೇ ಒಂದು ವರ್ಷ, ಎದುರಿನ ಕಟ್ಟಡದಲ್ಲಿ ಅರ್ಜಿ ತಗೊಳ್ಳುವ ಕಡೆ ಕುಂದರಬೇಕೆಂದು ಆಸೆ ಹತ್ತಿತು.

ಚಿಹ್ನೆಗೆ ಕೊಡ ಕೇಳಿದೆವು, ಪಟ್ಟಿಯಲ್ಲಿ ಕೊಡ ಇಲ್ಲ ಅಂದರು. ಬಾಣಲೆ ಸಿಕ್ಕಿತು. ಮಿರ್ಚಿ ಕರಿಯುವ ಹುಲಿಗೆಮ್ಮನಿಗೆ ಬಾಣಲೆ! ಪ್ರಚಾರವೇ ಬೇಕಾಗಲಿಲ್ಲ. ಗೆದ್ದಳು. ಗೆದ್ದು ಏನು ಮಾಡಿದಳು ಅಂದರೆ, ನಳದ ಪಕ್ಕದ ಗೋಡೆ ಮೇಲೆ ಯಾವ ಓಣಿಗೆ ಯಾವ ದಿನ ನೀರು ಎಂದು ಬರೆಸಿದಳು. ಬರೆಸಿದ ಹಾಗೇ ನೀರು ಬಿಡಿಸಿದಳು. ಒಂದು ವರ್ಷ ನಮ್ಮ ವಾರ್ಡಿನಲ್ಲಿ ಯಾರೂ ಕೊಡಕ್ಕಾಗಿ ಬಡಿದಾಡಲಿಲ್ಲ. ಟ್ಯಾಂಕರ್ ಇಟ್ಟು ನೀರು ಮಾರುತ್ತಿದ್ದ ಮನುಷ್ಯನ ಮುಖ ಮಾತ್ರ ಸಣ್ಣದಾಗಿತ್ತು.

ವರ್ಷ ತುಂಬಿತು. ಹುಲಿಗೆಮ್ಮ ರಾಜೀನಾಮೆ ಕೊಟ್ಟು ನನಗೆ ಜಾಗ ಬಿಡಬೇಕು. ನಾನು ಆಗಲೇ ಪ್ರಮಾಣವಚನಕ್ಕೆಂದು ಇಳಕಲ್ ಸೀರೆ ತಂದಿದ್ದೆ, ಅಂಗಡಿಯಲ್ಲೇ ಬಿಚ್ಚಿ ಕಾಕಾಗೆ ಸೆರಗು ತೋರಿಸಿದ್ದೆ. ‘ಭಾರಿ ಆತು ಯವ್ವಾ’ ಅಂದಿದ್ದರು. ಹುಲಿಗೆಮ್ಮನ ರಾಜೀನಾಮೆ ಪತ್ರ ಟೈಪ್ ಮಾಡುವಾಗ ನನ್ನ ತಲೆಯಲ್ಲಿ ಒಂದು ಅನುಮಾನ ಸುಳಿದದ್ದು ನಿಜ. ಜನ ಆರಿಸಿದ ಜಾಗವನ್ನು ಹೀಗೆ ಕೈಗೆ ಕೈ ದಾಟಿಸಲು ಬರುತ್ತದೆಯೇ? ಎದುರಿನ ಕಟ್ಟಡಕ್ಕೆ ಹೋಗಿ ಕೇಳಿದ್ದರೆ ಎರಡು ನಿಮಿಷದ ಕೆಲಸ. ಕೇಳಲಿಲ್ಲ. ಬರುವುದಿಲ್ಲ ಅಂದುಬಿಟ್ಟರೆ ಅಂತ ಹೆದರಿ ಕೇಳಲಿಲ್ಲ.

ರಾಜೀನಾಮೆ ಮಂಜೂರಾಯಿತು. ಪಟ್ಟಿ ಹಿಡಿದುಕೊಂಡು ನಾವು ಹೋದರೆ ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ‘ಇದೇನ್ರಿ? ಇದು ಮೆಂಬರ್ ಸೀಟು, ನಳ ಅಲ್ಲ. ಜಾಗ ಖಾಲಿ ಆತು, ಇನ್ನ ಬೈ ಎಲೆಕ್ಷನ್ ಆಗ್ತೈತಿ’ ಅಂದ.

ಬೈ ಎಲೆಕ್ಷನ್‌ಗೆ ನಾನು ನಿಂತೆ. ಈ ಸಲ ಸಿಕ್ಕ ಚಿಹ್ನೆ ಯಾವುದು ಕೇಳಿ. ಟೋಪಿ! ಓಣಿ ಓಣಿಯಲ್ಲಿ ಹೆಂಗಸರು ನನ್ನ ಮುಖಕ್ಕೇ ಅಂದರು: ‘ನಾವು ಓಟು ಹಾಕಿದ್ದು ಹುಲಿಗೆಮ್ಮಗ, ನಿಮ್ಮ ಪಾಳಿಗಲ್ಲ. ನಮ್ಮನ್ನ ಕೇಳಲಾರದ ಆಕಿನ್ನ ಇಳಿಸಿದ್ರಿ. ಈಗ ಟೋಪಿ ತಗೊಂಡು ಬಂದೀರಿ, ಇನ್ನೊಮ್ಮೆ ಹಾಕಾಕ?’ ಸೋತೆ. ಸೋಲಿಸಿದವನು ಟ್ಯಾಂಕರಿನವನು. ಗೋಡೆಯ ಮೇಲಿನ ನೀರಿನ ದಿನಗಳಿಗೆ ಒಂದೇ ವಾರದಲ್ಲಿ ಸುಣ್ಣ ಬಿತ್ತು.

ಅವತ್ತು ಸಂಜೆ ಕಟ್ಟೆಯ ಮೇಲೆ ಎಲ್ಲರ ಎದುರಿಗೆ ಕಾಕಾನ್ನ ಕೇಳಿದೆ. ‘ಇಷ್ಟು ದೊಡ್ಡ ಪಾಳಿ ಶಾಸ್ತ್ರ ಹೇಳ್ತೀರಲ್ಲ, ಕಾನೂನು ಗೊತ್ತಿರ್ಲಿಲ್ಲೇನ್ರಿ ನಿಮಗ?’

ಅವರು ತಮ್ಮ ಅಂಗೈ ನೋಡಿಕೊಂಡರು. ‘ಗೊತ್ತಿರ್ಲಿಲ್ಲ ಯವ್ವಾ’ ಅಂದರು.

‘ಗೊತ್ತಿಲ್ದಾವರು ಪಕ್ಷ ಯಾಕ ಕಟ್ಟಬೇಕು? ಮಂದಿ ಮುಂದ ನನ್ನ ಮಾನ ಕಳದ್ರಿ’ ಅಂದೆ. ಇನ್ನೂ ಏನೇನೋ ಅಂದೆ. ಅಲ್ಲಿಗೆ ಪಾಳಿ ಪಕ್ಷ ಮುಗಿಯಿತು. ಊರಿಗೆ ಒಂದು ಬೈಗುಳ ಸಿಕ್ಕಿತು ಅಷ್ಟೇ. ಯಾರಾದರೂ ಕೈಗೆ ಬಂದದ್ದನ್ನು ದಡ್ಡತನದಿಂದ ಕಳಕೊಂಡರೆ ‘ಪಾಳಿಯವ್ರ ಪೈಕಿ ಏನಲೇ ನೀ?’ ಅನ್ನಲು ಸುರು ಮಾಡಿದರು. ನನ್ನನ್ನು ಹಾಗಂದವರ ಜೊತೆ ನಾನು ಬೀದಿಯಲ್ಲಿ ನಿಂತು ಜಗಳಾಡಿದ್ದೇನೆ. ‘ನಾ ಪಾಳಿಯವಳಲ್ಲ, ಹೆಸರು ಎತ್ತಬ್ಯಾಡ್ರಿ’ ಅಂದಿದ್ದೇನೆ.

ಕಾಕಾ ಮಾತ್ರ ಬರುವುದು ಬಿಡಲಿಲ್ಲ. ಯಾರದೋ ಮುದುಕಿಯ ಪಿಂಚಣಿ ಕಾಗದ, ಯಾರದೋ ರೇಷನ್ ಕಾರ್ಡು ಹಿಡಿದು ಬಂದು ಮೆಟ್ಟಿಲ ಕೆಳಗೆ ನಿಲ್ಲುವರು. ನಾನು ಬೇಕೆಂದೇ ನೋಡದವಳ ಹಾಗೆ ಇರುತ್ತಿದ್ದೆ. ಮೊದಲಿನಂತೆ ಬರ್ರಿ ಮ್ಯಾಲ ಅನ್ನುತ್ತಿರಲಿಲ್ಲ. ಒಮ್ಮೆ ಒಂದು ತಾಸಿನ ಮೇಲೆ ನಿಲ್ಲಿಸಿದ್ದೇನೆ, ಬಿಸಿಲಿನಲ್ಲಿ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಕಾಕಾ ತೀರಿಕೊಂಡರು. ಮಣ್ಣು ಮುಗಿಸಿ, ಮುಕ್ಕುಂದಕ್ಕೆ ಕೊಟ್ಟಿದ್ದ ಅವರ ಮಗಳು ನನ್ನ ಅಂಗಡಿಗೆ ಬಂದಳು. ‘ಅಕ್ಕಾರ, ಅಪ್ಪಂದು ಮರಣ ಪತ್ರ ತಗೀಬೇಕು, ನಂಗ ಏನೂ ತಿಳಿಯಂಗಿಲ್ಲ’ ಅಂದಳು. ಅರ್ಜಿ ಟೈಪ್ ಮಾಡಿ, ಬಾಗಿಲು ಎಳೆದು, ಜೊತೆಗೆ ಹೊರಟೆ. ಅದೇ ಮೆಟ್ಟಿಲು, ಅದೇ ಕಿಟಕಿ. ಮುಂದೆ ಎಂಟು ಜನ ಇದ್ದರು. ನಮ್ಮ ಹಿಂದೆ ಬಂದು ನಿಂತವಳು ಹುಲಿಗೆಮ್ಮ. ಅವಳಿಗೇನೂ ಕೆಲಸವಿರಲಿಲ್ಲ, ಸುದ್ದಿ ಕೇಳಿ ಬಂದಿದ್ದಳು. ಸಾಲು ಹರಿಯುತ್ತಲೇ ಇಲ್ಲ. ಮೊಣಕಾಲು ಹಿಡಿದುಕೊಂಡವು. ಅಷ್ಟರಲ್ಲಿ ಒಳಗಿನಿಂದ ಟ್ಯಾಂಕರಿನವನೇ ಬಂದ, ಈಗಲೂ ಅವನೇ ಮೆಂಬರು.

‘ಅಯ್ಯ, ಮೇಡಮ್ಮಾರ, ನೀವ್ಯಾಕ ಪಾಳ್ಯಾಗ ನಿಂತೀರಿ? ಬರ್ರಿ ಒಳಗ, ಐದು ನಿಮಿಷಕ್ಕ ಮಾಡಿಸಿ ಕೊಡ್ತೀನಿ’ ಅಂದ. ಮರ್ಯಾದೆಯಿಂದಲೇ ಅಂದ.

ನಾನು ಸಾಲು ಬಿಟ್ಟು ಎರಡು ಹೆಜ್ಜೆ ಇಟ್ಟೆ. ಹುಲಿಗೆಮ್ಮ ಹಿಂದಿನಿಂದ ಸೆರಗು ಹಿಡಿದಳು.

‘ನಿಂದ್ರಕ್ಕಾ. ಇವತ್ತರೆ ನಿಂದ್ರು.’

ನನಗೆ ಎಲ್ಲಿತ್ತೋ ಸಿಟ್ಟು! ‘ಬಿಡ ಬೇ! ಪಾಳಿ ಪಾಳಿ ಅಂತ ಸತ್ತ ಆ ಮನಷ್ಯ. ಕಾನೂನು ಗೊತ್ತಿಲ್ದ ಪಕ್ಷ ಮುಳುಗಿಸಿದ. ಇನ್ನ ನಾವೂ ಇಲ್ಲೇ ನಿಂತು ಸಾಯೋಣೇನು?’ ಅಂದೆ. ಮಗಳು ಪಕ್ಕದಲ್ಲಿದ್ದಾಳೆ ಎಂಬುದೂ ನೆನಪಾಗಲಿಲ್ಲ.

‘ಗೊತ್ತಿತ್ತು ಆತಗ’ ಅಂದಳು ಹುಲಿಗೆಮ್ಮ.

‘ಏನು?’

‘ಕಾನೂನು. ರಾಜೀನಾಮಿ ಕೊಟ್ರ ಮತ್ತ ಎಲೆಕ್ಷನ್ ಆಗ್ತೈತಿ ಅಂತ ನಾ ಕಾಗದ ಕೊಡೋ ಹಿಂದಿನ ದಿನಾನ ಗುಮಾಸ್ತ ನಂಗ ಹೇಳಿದ್ದ. ನಾ ಓಡಿ ಹೋಗಿ ಕಾಕಾಗ ಹೇಳಿದೆ. ನನ್ನ ಗಾಡಿ ಮುಂದ ಕುಂತ. ಆಮ್ಯಾಲ ಅಂದ, ಆಕಿ ಸೀರಿ ತಂದಾಳ ಹುಲಿಗಿ. ನಂಗ ಸೆರಗು ಬಿಚ್ಚಿ ತೋರಿಸ್ಯಾಳ. ಇಲ್ಲ ಅಂತ ಹೆಂಗ ಹೇಳ್ಲಿ? ಎಲೆಕ್ಷನ್ ಆದ್ರ ಆಗ್ಲಿ, ಗೆಲ್ತಾಳ ಅಂದ. ಆಕಿಗೆ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಹಾಕಿಸ್ಕೊಂಡ.’

ಟ್ಯಾಂಕರಿನವನು ‘ಬರ್ತೀರೇನ್ರಿ?’ ಅಂದ. ನಾನು ತಿರುಗಿ ಸಾಲಿಗೆ ಬಂದು ನಿಂತೆ.

ಕಾಕಾ, ನೀ ಇಲ್ಲ ಅನ್ನಬೇಕಾಗಿತ್ತು. ಒಂದು ಮಾತು ಬೈದು, ಸೀರೆ ಮಡಚಿಡು ಅನ್ನಬೇಕಾಗಿತ್ತು. ಇಡೀ ವಾರ್ಡಿನ ನೀರಿಗಿಂತ ನನ್ನ ಒಂದು ಸೆರಗು ದೊಡ್ಡದಾಯಿತೇ ನಿನಗೆ? ಯಾರ ಪಾಳಿಯನ್ನೂ ಮುರಿಯಲಾರದವನು ಎಲ್ಲರ ಪಾಳಿಯನ್ನೂ ಮುರಿದೆಯಲ್ಲ! ಮೇಲೆ ಅಷ್ಟು ಜನರೆದುರು ಗೊತ್ತಿರ್ಲಿಲ್ಲ ಅಂದೆ. ನಾನು ಬೈದದ್ದನ್ನೆಲ್ಲ ಕೇಳಿಸಿಕೊಂಡು, ಬಿಸಿಲಿನಲ್ಲಿ ಮೆಟ್ಟಿಲ ಕೆಳಗೆ ನಿಂತೆ. ಎದುರಿಗಿದ್ದಿದ್ದರೆ ಅವತ್ತು ಇನ್ನೊಮ್ಮೆ ಬೈಯುತ್ತಿದ್ದೆ, ಅಳುತ್ತ ಬೈಯುತ್ತಿದ್ದೆ.

ಸಾಲು ಹರಿಯಿತು. ಆರು ಜನ, ನಾಲ್ಕು ಜನ, ಒಬ್ಬ. ಆ ಒಬ್ಬನೂ ಕಾಗದ ತಗೊಂಡು ಸರಿದ. ಐದು ಹೆಸರಿನ ಆ ಪಟ್ಟಿಯಲ್ಲಿ ಕೊನೆಗೆ ಇದ್ದ ಮನುಷ್ಯನ ಅರ್ಜಿ ಹಿಡಿದು ನಾನು ಕಿಟಕಿಗೆ ಕೈ ಚಾಚಿದೆ. ಒಳಗಿದ್ದ ಹುಡುಗಿ ಗಡಿಯಾರ ನೋಡಿ, ‘ಊಟದ ಹೊತ್ತಾತ್ರಿ, ಮೂರಕ್ಕ ಬರ್ರಿ’ ಅಂತ ಕಿಟಕಿ ಮುಚ್ಚಿದಳು.

ಕಾಕಾ ಇದ್ದಿದ್ದರೆ, ಉಣ್ಲಿ ಪಾಪ, ಅಂತ ಅಲ್ಲೇ ಮೆಟ್ಟಿಲ ಮೇಲೆ ಕುಂತುಬಿಡುತ್ತಿದ್ದರು. ನನಗೆ ಆ ಗುಣವಿಲ್ಲ. ಎರಡೂ ಕೈಯಿಂದ ಕಿಟಕಿಯನ್ನು ದಬದಬ ಬಡಿದೆ. ಹುಲಿಗೆಮ್ಮನೂ ಬಡಿದಳು. ಮುಕ್ಕುಂದದ ಮಗಳು ಮೊದಲು ಗಾಬರಿಯಾಗಿ ನೋಡಿ, ಆಮೇಲೆ ತಾನೂ ಬಡಿದಳು.

‘ಯಾರ್ರೀ ಅದು?’ ಅಂತ ಒಳಗಿನಿಂದ ಒಂದು ಗಂಡು ದನಿ ಕೂಗಿತು.

‘ಪಾಳಿಯವ್ರು’ ಅಂದೆ.